ಮಕ್ಕಳಿಗೂ ಒಂದು ಎಲೆ

ಮನೆಯಲ್ಲಿ ಹುಟ್ಟುಹಬ್ಬವೋ ಮದುವೆಯ ವಾರ್ಷಿಕೋತ್ಸವವೋ ಬಂದಾಗ ಮುಂಬಯಿಯ ನಮ್ಮಂಥ ಕುಟುಂಬಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಊಟಕ್ಕೆ ಎಲ್ಲಿಗೆ ಹೋಗೋಣ? ಪ್ರಶ್ನೆ ಸಣ್ಣದು. ಆದರೆ ಮನೆಯವರಲ್ಲಿ ಯಾರನ್ನು ಅತಿಥಿಗಳೆಂದು ಎಣಿಸುತ್ತೇವೆ, ಯಾರನ್ನು ಸುಮ್ಮನಿರಿಸಬೇಕಾದ ಹೊರೆಯೆಂದು ಭಾವಿಸುತ್ತೇವೆ ಎಂಬುದು ನಮ್ಮ ಉತ್ತರದಲ್ಲಿ ಬಯಲಾಗುತ್ತದೆ.

ನಮ್ಮ ಮನೆಯ ಅಜ್ಜನಿಗೆ 75 ತುಂಬಿದಾಗ ದೊಡ್ಡದೊಂದು ಹೋಟೆಲಿನಲ್ಲಿ ರಾತ್ರಿಯೂಟಕ್ಕೆ ಮೇಜು ಕಾದಿರಿಸಿದ್ದೆವು. ಮಂದ ಬೆಳಕು, ಜೋರಾದ ಸಂಗೀತ, ಕೇಳಿದ ತಿನಿಸು ಬರಲು ಮುಕ್ಕಾಲು ಗಂಟೆ. ಮಕ್ಕಳು ಹಸಿದು ಚಡಪಡಿಸಿದರು; ಅಕ್ಕಪಕ್ಕದವರು ತಿರುಗಿ ನೋಡಿದರು; ನಾವು ಮಕ್ಕಳ ಕೈಗೆ ಮೊಬೈಲು ಕೊಟ್ಟು ಬಾಯಿ ಮುಚ್ಚಿಸಿದೆವು. ಕಿವಿ ಮಂದವಾದ ಅಜ್ಜ ಮೇಜಿನ ಆ ತುದಿಯಲ್ಲಿ ಸುಮ್ಮನೆ ನಗುತ್ತ ಕುಳಿತಿದ್ದರು. ಮನೆಗೆ ಬಂದವರೇ ಒಂದು ತುತ್ತು ಮೊಸರನ್ನ ಕೇಳಿದರು. ತಪ್ಪು ಹೋಟೆಲಿನದಲ್ಲ, ಆರಿಸಿದ ನಮ್ಮದು.

ಮರುವರ್ಷ ಮಧ್ಯಾಹ್ನದ ಊಟಕ್ಕೆ ಮಾಟುಂಗಾ ನಿಲ್ದಾಣದ ಬಳಿಯ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ ಹೋದೆವು. 1942ರಲ್ಲಿ ಆರಂಭವಾದ ಊಟದ ಮನೆಯದು. ಸರದಿ ಬಂದು ಕುಳಿತರೆ, ದೊಡ್ಡವರಿಗೆ ಹಾಸಿದಂಥದೇ ಬಾಳೆಲೆ ಮಕ್ಕಳ ಮುಂದೆಯೂ ಬಂತು. ಎಲೆಗೆ ನೀರು ಚಿಮುಕಿಸುವುದೇ ಅವರಿಗೆ ಮೊದಲ ಸಂಭ್ರಮ. ಸಾರು ಹರಿದುಹೋಗದಂತೆ ಅನ್ನಕ್ಕೆ ಕಟ್ಟೆ ಕಟ್ಟುವ ಬಗೆಯನ್ನು ಅಜ್ಜ ಮೊಮ್ಮಗಳಿಗೆ ಕಲಿಸಿದರು.

“ಅಜ್ಜ, ನೀವು ಕೆಲಸ ಮಾಡಿದ್ದು ಇಲ್ಲೇನಾ?” ಎಂದು ಅವಳು ಕೇಳಿದಳು.

“ಇಲ್ಲಲ್ಲ ಮಗಾ, ಫೋರ್ಟಿನಲ್ಲಿ. ಲೋಟ ತೊಳೆಯುವ ಕೆಲಸ.”

ಹದಿಮೂರನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದದ್ದು, ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದದ್ದು, ರಾತ್ರಿ ಮೇಜುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗುತ್ತಿದ್ದದ್ದು ಒಂದೊಂದಾಗಿ ಹೊರಬಂದವು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ನಾವೂ ಅದರಲ್ಲಿ ಅರ್ಧವನ್ನು ಅಂದೇ ಮೊದಲು ಕೇಳಿದೆವು.

ಇದು ಹಳೆಯದರ ಹಂಬಲವೆಂದು ಯಾರಾದರೂ ಹೇಳಬಹುದು. ಅಂಥ ಜಾಗಕ್ಕೂ ಅದರದೇ ಮಿತಿಗಳಿವೆಯೆಂದು ನಾವು ಬಲ್ಲೆವು. ಸರದಿಗಾಗಿ ಜನ ಕಾಯುತ್ತಿರುವಾಗ ಅಲ್ಲಿ ಹರಟುತ್ತ ಕೂರುವಂತಿಲ್ಲ. ಕೇಕು ಕತ್ತರಿಸುವ ಸ್ಥಳವೂ ಅದಲ್ಲ. ಉಳಿದ ಮಾತನ್ನು ನಾವು ಫೈವ್ ಗಾರ್ಡನ್ಸಿನ ಮರದ ನೆರಳಿಗೆ ಒಯ್ದೆವು. ಮಕ್ಕಳು ಅಲ್ಲಿ ಮನದಣಿಯೆ ಓಡಿದರು. ಎಲ್ಲರೂ ಉಡುಪಿ ಊಟಕ್ಕೇ ಹೋಗಬೇಕೆಂಬುದು ನಮ್ಮ ವಾದವಲ್ಲ. ವಿಶೇಷ ದಿನದ ಹೋಟೆಲನ್ನು ಅದರ ಬೆಲೆಯಿಂದಲೋ ಹೆಸರಿನಿಂದಲೋ ಅಳೆಯಬಾರದು. ಪಂಕ್ತಿಯ ಅತಿ ಹಿರಿಯರ ಮಾತು ಅತಿ ಕಿರಿಯರಿಗೆ ಕೇಳಿಸುತ್ತದೆಯೇ ಎಂಬುದರಿಂದ ಅಳೆಯಬೇಕು ಎಂಬುದಷ್ಟೇ ನಮ್ಮ ನಿಲುವು.

ಈ ಅಳತೆಗೋಲು ಹಿಡಿದರೆ ಉಳಿದುದು ಸುಲಭ. ಮಕ್ಕಳ ಹಸಿವಿನ ಹೊತ್ತೇ ಊಟದ ಹೊತ್ತಾಗಲಿ. ನಿದ್ದೆಗಣ್ಣಿನ ಮಗುವನ್ನು ಹೊತ್ತು ಎರಡು ರೈಲು ಬದಲಿಸಬೇಕಾದ ದೂರ ಬೇಡ. ಕುಳಿತ ಹತ್ತು ನಿಮಿಷದಲ್ಲಿ ಏನಾದರೊಂದು ಬಾಯಿಗೆ ಸಿಗುವಂತಿರಲಿ. ನಮ್ಮ ಕೈಗೆಟಕುವ ಎರಡು ಮೂರು ಜಾಗಗಳನ್ನು ಹೇಳಿ ಮಕ್ಕಳನ್ನೇ ಆರಿಸಲು ಬಿಡೋಣ. ಆರಿಸಿದ ಮೇಲೆ ಮುಖ ಗಂಟಿಕ್ಕದೆ ಹೋಗೋಣ. ಊರಿನಿಂದ ದೂರದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅಜ್ಜಿ ಮನೆಯ ಜಗಲಿಯಿಲ್ಲ, ಜಾತ್ರೆಯ ಪಂಕ್ತಿಯಿಲ್ಲ. ಮೂರು ತಲೆಮಾರು ಒಟ್ಟಿಗೆ ಕುಳಿತು ಉಣ್ಣುವ ಇಂಥ ಕೆಲವು ಮಧ್ಯಾಹ್ನಗಳೇ ಅವರ ಪಾಲಿನ ಜಗಲಿ. ಅವನ್ನೂ ಮೊಬೈಲಿನ ಪರದೆಗೆ ಒಪ್ಪಿಸಿಬಿಟ್ಟರೆ ಅಜ್ಜನ ಫೋರ್ಟು, ಅಜ್ಜನ ರಾತ್ರಿಶಾಲೆ ಅಜ್ಜನೊಂದಿಗೇ ಹೋಗಿಬಿಡುತ್ತವೆ.

ಮುಂದಿನ ತಿಂಗಳು ಮೊಮ್ಮಗಳ ಹುಟ್ಟುಹಬ್ಬ. ಅವಳ ಆಯ್ಕೆ ಪಿಜ್ಜಾ. ಅಜ್ಜ ಬರುತ್ತೇನೆಂದು ಒಪ್ಪಿಯೂ ಆಗಿದೆ. “ಅಲ್ಲಿ ಎಲೆ ಹಾಕ್ತಾರಾ?” ಎಂದಷ್ಟೇ ಕೇಳಿದರು. “ಇಲ್ಲ ಅಜ್ಜ, ಹೇಗೆ ತಿನ್ನೋದು ಅಂತ ನಾನೇ ಹೇಳಿಕೊಡ್ತೇನೆ” ಎಂದಳು ಅವಳು.