ಔಟಾಗದವಳಿಗೂ ಒಂದು ಬಹುಮಾನ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಕ್ರೀಡಾಕೂಟಗಳಲ್ಲಿ ಹೆಣ್ಣುಮಕ್ಕಳ ಖೋಖೋ ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಆಟದ ಮೇಲಲ್ಲ, ಆಟ ಮುಗಿದ ಮೇಲೆ ಹಂಚುವ ಬಹುಮಾನಗಳ ಮೇಲೆ. ಬೆನ್ನಟ್ಟಿ ನಾಲ್ಕಾರು ಜನರನ್ನು ಮುಟ್ಟಿದವಳ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಯಾರ ಕೈಗೂ ಸಿಗದೆ ಎದುರಾಳಿಗಳ ಉಸಿರು ಕಟ್ಟಿಸಿದವಳು ಮಾತ್ರ ಬೆವರು ಒರೆಸಿಕೊಂಡು ಗುಂಪಿನಲ್ಲಿ ಕೂತಿರುತ್ತಾಳೆ.

ಒಮ್ಮೆ ಸಂಘಟಕರೊಬ್ಬರನ್ನು ಕೇಳಿಯೇಬಿಟ್ಟೆ, ಅವಳಿಗೆ ಯಾಕೆ ಏನೂ ಇಲ್ಲ ಎಂದು. ‘ಆಕಿ ಏನ್ ಮಾಡ್ಯಾಳ್ರೀ ಅಕ್ಕೋರ? ಬರೇ ತಪ್ಪಿಸಿಕೊಂಡಾಳ’ ಎಂದರು.

‘ಬರೇ’ ಎಂಬ ಆ ಒಂದು ಮಾತಿನ ಮೇಲೇ ನನ್ನ ಜಗಳ. ಖೋಖೋದಲ್ಲಿ ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬಳು ಎದ್ದು ಅಟ್ಟಿಸಿಕೊಂಡು ಬರುತ್ತಾಳೆ. ಅವಳು ‘ಖೋ’ ಎಂದ ಕ್ಷಣಕ್ಕೆ ಇನ್ನೊಬ್ಬಳು ಸಿಡಿದೇಳುತ್ತಾಳೆ. ಓಡುವವರು ಒಂದು ಸಲಕ್ಕೆ ಮೂರೇ ಜನ. ಬೆನ್ನಟ್ಟುವವಳು ನಡುಗೆರೆ ದಾಟುವಂತಿಲ್ಲ, ಹಿಂದಕ್ಕೆ ತಿರುಗುವಂತಿಲ್ಲ. ಓಡುವವಳು ಎರಡನ್ನೂ ಮಾಡಬಹುದು. ಹಾಗಾಗಿ ಅವಳ ಬಲ ಕಾಲಿನಲ್ಲಿ ಎಷ್ಟಿದೆಯೋ ಕಣ್ಣಿನಲ್ಲೂ ಅಷ್ಟೇ ಇದೆ. ಯಾರು ಯಾವ ಕಡೆ ಮುಖ ಮಾಡಿ ಕೂತಿದ್ದಾರೆ, ಕಂಬ ಎಷ್ಟು ದೂರವಿದೆ, ಎಲ್ಲವನ್ನೂ ಓಡುತ್ತಲೇ ಲೆಕ್ಕ ಹಾಕಬೇಕು. ಇದು ‘ಬರೇ’ ತಪ್ಪಿಸಿಕೊಳ್ಳುವುದೇ?

ಸಾಂಪ್ರದಾಯಿಕ ಖೋಖೋದಲ್ಲಿ ಅಂಕವೆಲ್ಲ ಮುಟ್ಟಿದವರಿಗೆ. ಓಡಿದವಳು ಎಷ್ಟು ನಿಮಿಷ ನಿಂತಳೆಂದು ಹಾಳೆಯಲ್ಲಿ ಬರೆದುಕೊಂಡರೂ ಅದಕ್ಕೆ ಅಂಕವಿಲ್ಲ. ಆದರೆ ನಿಯಮ ಕಲ್ಲಿನ ಮೇಲಿನ ಶಾಸನವಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದಾಗ, ಮೂವರ ತಂಡ ಮೂರು ನಿಮಿಷ ಉಳಿದರೆ ಒಂದು ಅಂಕ, ಆಮೇಲೆ ಪ್ರತಿ ಮೂವತ್ತು ಸೆಕೆಂಡಿಗೆ ಇನ್ನೊಂದು ಎಂದು ಮಾಡಿದ್ದರು. ಜನವರಿ 19ರ ಫೈನಲಿನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದ ತಂಡ ಐದು ನಿಮಿಷಕ್ಕೂ ಹೆಚ್ಚು ಹೊತ್ತು ಕೈಗೆ ಸಿಗಲಿಲ್ಲ. ಪಂದ್ಯದ ಶ್ರೇಷ್ಠ ಆಟಗಾರ್ತಿ ಅವಳೇ ಆದಳು. ಅದೇ ಪಂದ್ಯದ ಶ್ರೇಷ್ಠ ರಕ್ಷಕಿಯ ಬಹುಮಾನ ಸೋತ ನೇಪಾಳದ ಮನಮತಿ ಧಾಮಿಗೆ ಹೋಯಿತು. ಸೋತವರಲ್ಲೂ ಒಬ್ಬಳು ಚೆನ್ನಾಗಿ ಕಾದಳು ಎಂದು ಎದ್ದು ಹೇಳುವುದು ಎಷ್ಟು ದೊಡ್ಡ ಮಾತು!

ಅಮೆರಿಕದ ಬಾಸ್ಕೆಟ್‌ಬಾಲ್ ನೋಡಿ. ಅಲ್ಲಿ ಗಂಡಸರ ದೊಡ್ಡ ಲೀಗ್ ಶುರುವಾದದ್ದು 1946ರಲ್ಲಿ. ಚೆಂಡು ಕಸಿದದ್ದನ್ನೂ ತಡೆದದ್ದನ್ನೂ ಎಣಿಸಲು ಶುರುಮಾಡಿದ್ದು 1973ರಲ್ಲಿ. ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನಿಗೆ ಪ್ರಶಸ್ತಿ ಬಂದದ್ದು 1983ರಲ್ಲಿ. ಈಗ ಅಲ್ಲಿನ ಕಾಲೇಜು ಕೂಟಗಳೂ ಇಂಥ ಪ್ರಶಸ್ತಿ ಕೊಡುತ್ತವೆ. ಹೆಂಗಸರ ಲೀಗ್ ಮಾತ್ರ 1997ರಲ್ಲಿ ಹುಟ್ಟಿದ ಮೊದಲ ವರ್ಷವೇ ಇದನ್ನು ಕೊಟ್ಟಿತು. ನನಗೆ ಇದರಲ್ಲಿ ಕಂಡ ಪಾಠ ಇಷ್ಟೇ: ಎಣಿಸಿದರೆ ಕಾಣುತ್ತದೆ, ಕಂಡರೆ ಮನ್ನಣೆ ಸಿಗುತ್ತದೆ.

ನಮ್ಮ ಮನೆಗಳ ಲೆಕ್ಕವೂ ಬೇರೆಯಲ್ಲ, ಅಕ್ಕಂದಿರೆ. ತೊಗರಿ ಎಷ್ಟು ಕ್ವಿಂಟಲ್ ಬಂತೆಂದು ಅಡತಿ ಅಂಗಡಿಯ ಚೀಟಿಯಲ್ಲಿ ಬರೆಯುತ್ತಾರೆ. ಬಿಸಿಲಲ್ಲಿ ಬಗ್ಗಿ ಕಳೆ ಕಿತ್ತವಳ ದೆಸೆಯಿಂದ ಹಾಳಾಗದೆ ಉಳಿದ ಬೆಳೆ ಎಷ್ಟೆಂದು ಯಾವ ಚೀಟಿಯಲ್ಲಿದೆ? ನೀರು ಕಾಯಿಸಿ ಆರಿಸಿ ಕೊಟ್ಟದ್ದರಿಂದ ಮಗುವಿಗೆ ಬಾರದೆ ಹೋದ ವಾಂತಿಭೇದಿಯನ್ನು ಯಾರು ಎಣಿಸಿದ್ದಾರೆ? ಆಗದಂತೆ ತಡೆದ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ. ‘ದಿನಾ ಮನ್ಯಾಗ ಇದ್ದು ಏನ್ ಮಾಡ್ತಿ?’ ಎಂಬ ಪ್ರಶ್ನೆಯೂ ‘ಬರೇ ತಪ್ಪಿಸಿಕೊಂಡಾಳ’ ಎಂಬ ಮಾತೂ ಒಂದೇ ಬಾಯಿಂದ ಬಂದವು.

ಇಷ್ಟು ಕೇಳಿದ ಕೂಡಲೇ ಕೆಲವು ಹಿರಿಯರು ತಲೆದೂಗುತ್ತಾರೆ: ‘ಖರೆ ಅದ, ಹೆಣ್ಣಂದ್ರ ತಾಳ್ಮಿ, ಹೆಣ್ಣಂದ್ರ ಭೂಮಿತಾಯಿ.’ ಸ್ವಾಮಿ, ನಾನು ಹೇಳಿದ್ದು ಅದಲ್ಲ! ಖೋಖೋದಲ್ಲಿ ನಿಂತಲ್ಲೇ ತಾಳಿಕೊಂಡವಳು ಮೊದಲ ನಿಮಿಷದಲ್ಲೇ ಔಟ್. ರಕ್ಷಣೆ ಎಂದರೆ ಸಹಿಸುವುದಲ್ಲ. ಕಣ್ಣು ತೆರೆದು, ದಾರಿ ನೋಡಿ, ಸರಿಯಾದ ಗಳಿಗೆಗೆ ತಿರುಗಿ ಓಡುವುದು. ಅದನ್ನು ಕಲಿಯಲು ಮೈದಾನ ಬೇಕು, ಕಾಲಿಗೆ ಬೂಟು ಬೇಕು, ಸಂಜೆ ಬಸ್ಸು ತಪ್ಪೀತೆಂಬ ಹೆದರಿಕೆಯಿಲ್ಲದೆ ಆಡಲು ಬಿಡುವು ಬೇಕು. ತಾಳ್ಮೆಯ ಹಾಡಿಗೆ ಇವು ಯಾವುವೂ ಬೇಡ, ಅದಕ್ಕೇ ಅದು ಅಷ್ಟು ಸಲೀಸು.

ನಾನು ಕೇಳುವುದು ಕೋಟಿ ಖರ್ಚಿನ ಕೆಲಸವಲ್ಲ. ಮುಂದಿನ ಕ್ರೀಡಾಕೂಟದಲ್ಲಿ ಕೈಗಡಿಯಾರ ಇರುವ ಒಬ್ಬರು ಗೆರೆಯ ಬದಿಗೆ ಕೂತು ಪ್ರತಿಯೊಬ್ಬ ಹುಡುಗಿ ಎಷ್ಟು ಹೊತ್ತು ಕೈಗೆ ಸಿಗದೆ ಉಳಿದಳೆಂದು ಬರೆಯಲಿ. ಹೆಚ್ಚು ಹೊತ್ತು ಉಳಿದವಳ ಹೆಸರನ್ನು, ಅವಳ ತಂಡ ಸೋತಿದ್ದರೂ, ಅದೇ ಮೈಕಿನಲ್ಲಿ ಕೂಗಲಿ. ಬಹುಮಾನವಾಗಿ ಸ್ಟೀಲಿನ ಡಬ್ಬಿ, ತಾಟು ಬೇಡ. ಅವು ಮನೆಯಲ್ಲಿ ಬೇಕಾದಷ್ಟಿವೆ. ಒಂದು ಜೊತೆ ಒಳ್ಳೆಯ ಬೂಟು ಕೊಡಲಿ. ಅವಳು ಇನ್ನೂ ಓಡುವುದಿದೆ.