ಗೋಡೆಯ ಮೇಲಿನ ಗೆರೆ

ಬೊಮ್ಮನಹಳ್ಳಿಯಲ್ಲಿ ಕಾಲ ಮುಂದಕ್ಕೆ ಹೋಗುವುದಿಲ್ಲ ಸ್ವಾಮಿ, ಗಾಣದೆತ್ತಿನಂತೆ ಸುತ್ತುತ್ತದೆ: ಮಳೆ, ಮೊಣಕಾಲುದ್ದ ನೀರು, ಅಧಿಕಾರಿಗಳ ಭೇಟಿ, ಬಿಸಿಲು, ಮರೆವು. 2019ರ ನವೆಂಬರಿನಲ್ಲಿ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. 2022ರ ಸೆಪ್ಟೆಂಬರಿನಲ್ಲಿ ಊರು ಮತ್ತೆ ಮುಳುಗಿದಾಗ, ಹಿಂದೆಂದೂ ಹೀಗಾಗಿರಲಿಲ್ಲ ಎಂದವರೂ ಇದ್ದರು! ಹಳ್ಳಿಯ ನೀರುಗಂಟಿಗೆ ತೂಬು, ಕೋಡಿ, ಕಾಲುವೆಯ ಜಾಡೆಲ್ಲ ಬಾಯಿಪಾಠವಿತ್ತು. ಈಗ ನೆನಪಿಡುವವರಾರು? 2007ರಲ್ಲಿ ನಮ್ಮ ನಗರಸಭೆ ಪಾಲಿಕೆಯೊಳಗೆ ಸೇರಿಹೋಯಿತು, 2025ರಲ್ಲಿ ಪಾಲಿಕೆಯೇ ಐದು ಹೋಳಾಯಿತು. ಬೋರ್ಡು ಬದಲಾದಾಗಲೆಲ್ಲ ರಾಜಕಾಲುವೆಯನ್ನು ಹೊಸದಾಗಿ ಹುಡುಕಬೇಕು.

ನನ್ನಿಂದಾಗುವುದು ಇಷ್ಟೇ: ನೀರು ಏರಿದಷ್ಟಕ್ಕೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು ಇಸವಿ ಬರೆದಿಡುತ್ತೇನೆ. ಮನೆ ಮಾರಲು ಹೊರಟ ಎದುರುಮನೆಯವರು ಅದಕ್ಕೆ ಸುಣ್ಣ ಬಳಿಸಿ ಎನ್ನುತ್ತಾರೆ, ಬೆಲೆ ಬಿದ್ದುಹೋಗುತ್ತದಂತೆ. ಬಳಿಸುವುದಿಲ್ಲ. ಕೊಳ್ಳಲು ಬರುವವರು ಮೊದಲು ಅದನ್ನೇ ನೋಡಲಿ.