ಠಾಣೆಯ ಫೋಟೊಗೆ ಲೆಕ್ಕ ಕೊಡುವವರು ಯಾರು?

ಹುಲಿ ಹಿಡಿಯಲಿಲ್ಲವೆಂಬ ಸಿಟ್ಟಿಗೆ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದ ರೈತರು 2025ರ ಸೆಪ್ಟೆಂಬರಿನಲ್ಲಿ ಅರಣ್ಯ ಸಿಬ್ಬಂದಿಯನ್ನೇ ಬೋನಿಗೆ ತಳ್ಳಿದರು. ನಾಡೆಲ್ಲ ನಕ್ಕಿತು. ಅದಕ್ಕೂ ಮೊದಲು, 2024ರ ಏಪ್ರಿಲ್ 26ರ ಮತದಾನದ ದಿನ, ಸೌಕರ್ಯವಿಲ್ಲವೆಂದು ಮತ ಬಹಿಷ್ಕರಿಸಿದ್ದ ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ಮತಯಂತ್ರ ಪುಡಿಯಾಗಿತ್ತು. ಎರಡೂ ಕಡೆ ಕೇಸು ಬಿತ್ತು. ಬೀಳಲಿ, ತಪ್ಪು ತಪ್ಪೇ. ಆದರೆ ರೊಚ್ಚಿಗೆದ್ದು ಸಿಕ್ಕಿಬಿದ್ದ ರೈತನೂ ಕಳ್ಳತನವನ್ನೇ ಕಸುಬು ಮಾಡಿಕೊಂಡವನೂ ಬಂಧನವಾದ ಮೇಲೆ ಠಾಣೆಯ ಕ್ಯಾಮೆರಾಕ್ಕೆ ಒಂದೇ.

1920ರ ಹಳೆಯ ಕಾಯ್ದೆಯನ್ನು ಬದಿಗೆ ಸರಿಸಿ ಬಂದ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ 2022ರ ಆಗಸ್ಟ್ 4ರಿಂದ ಜಾರಿಯಲ್ಲಿದೆ. ಹೆಡ್ ಕಾನ್‌ಸ್ಟೆಬಲ್ ದರ್ಜೆಯವರೂ ಬಂಧಿತರ ‘ಅಳತೆ’, ಅಂದರೆ ಫೋಟೊ, ರಕ್ತದ ಮಾದರಿ ಮುಂತಾದವನ್ನು, ತೆಗೆದುಕೊಳ್ಳಬಹುದು. ಸಣ್ಣ ಅಪರಾಧದ ಆರೋಪಿ ರಕ್ತದ ಮಾದರಿ ಕೊಡೆನೆನ್ನಲು ಅವಕಾಶವಿದೆ, ಫೋಟೊಗಿಲ್ಲ. ತಡೆದರೆ ಅದೇ ಇನ್ನೊಂದು ಅಪರಾಧ. ದಾಖಲೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದಲ್ಲಿ 75 ವರ್ಷ ಉಳಿಯುತ್ತದೆ. ಇಪ್ಪತ್ತರ ಹುಡುಗನ ಮುಖ ಅವನ ತೊಂಬತ್ತೈದನೇ ವಯಸ್ಸಿನವರೆಗೆ!

‘ಕಳ್ಳನ ಫೋಟೊಗೂ ಸ್ಟುಡಿಯೊ ಬೆಳಕು ಬೇಕೇನ್ರೀ?’ ಎಂದು ಕೇಳುವವರಿದ್ದಾರೆ. ಬೇಕು. 1880ರ ದಶಕದಲ್ಲಿ ಪ್ಯಾರಿಸ್ಸಿನ ಪೊಲೀಸ್ ಗುಮಾಸ್ತ ಆಲ್ಫೋನ್ಸ್ ಬರ್ಟಿಲಾನ್ ಹಟ ಹಿಡಿದದ್ದು ಇದಕ್ಕೇ: ಎದುರಿನಿಂದ ಒಂದು, ಪಕ್ಕದಿಂದ ಒಂದು; ದೂರ, ಬೆಳಕು, ಕುರ್ಚಿ ಎಲ್ಲರಿಗೂ ಒಂದೇ. ಹಾಗಿಲ್ಲದಿದ್ದರೆ ಎರಡು ಚಿತ್ರಗಳನ್ನು ಹೋಲಿಸುವುದೇ ವ್ಯರ್ಥವೆಂಬುದು ಅವನಿಗೆ ಗೊತ್ತಿತ್ತು. ಬೂದು ಹಿನ್ನೆಲೆ, ಎರಡೂ ಕಡೆಯಿಂದ ಸಮನಾದ ಬೆಳಕು, ಕಣ್ಣಿನ ಎತ್ತರಕ್ಕೆ ಕ್ಯಾಮೆರಾ. ಇದಕ್ಕೇನು ಕೋಟಿ ಬೇಕಾಗಿಲ್ಲ. ಟ್ಯೂಬ್‌ಲೈಟ್ ಕೆಳಗೆ ನಿಲ್ಲಿಸಿ ಮೊಬೈಲಿನಲ್ಲಿ ಕ್ಲಿಕ್ಕಿಸಿದರೆ ಕಣ್ಣುಗುಳಿ ಕಪ್ಪಾಗುತ್ತದೆ, ಹತ್ತಿರ ಹಿಡಿದರೆ ಮೂಗು ದಪ್ಪವಾಗುತ್ತದೆ, ಕಪ್ಪು ಮೈಬಣ್ಣದವರ ಮುಖದ ಗೆರೆಗಳೇ ಅಳಿಸಿಹೋಗುತ್ತವೆ.

ಮುಂದೆ ಆ ಮುಖವನ್ನು ಹೋಲಿಸುವುದು ಯಂತ್ರ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2019ರಲ್ಲಿ ಮುಖ ಗುರುತಿಸುವ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಅಲ್ಲಿನ ಪೊಲೀಸ್ ಚಿತ್ರಗಳಲ್ಲಿ ಒಬ್ಬರನ್ನು ಇನ್ನೊಬ್ಬರೆಂದು ಹೇಳಿದ ತಪ್ಪು ಅತಿ ಹೆಚ್ಚು ಕಂಡದ್ದು ಆ ದೇಶದ ಮೂಲನಿವಾಸಿಗಳ ವಿಷಯದಲ್ಲಿ. ಸೋಲಿಗರು, ಜೇನುಕುರುಬರಂಥ ಬುಡಕಟ್ಟು ಜನರಿರುವ, ಕಾಡುಗಳ್ಳ ವೀರಪ್ಪನ್ ಬೇಟೆಯ ಹೆಸರಲ್ಲಿ ಅಮಾಯಕರೂ ಒದೆ ತಿಂದ ಚಾಮರಾಜನಗರ ಜಿಲ್ಲೆಗೆ ಇದು ದೂರದ ಸುದ್ದಿಯಲ್ಲ. ದೆಹಲಿ ಪೊಲೀಸರು ಶೇ 80ರಷ್ಟು ಹೋಲಿಕೆ ಬಂದರೆ ಸಾಕೆಂದು ಮಾಹಿತಿ ಹಕ್ಕಿನ ಉತ್ತರದಲ್ಲೇ ಒಪ್ಪಿಕೊಂಡಿದ್ದಾರೆ.

ಇನ್ನೊಂದು ಚಾಳಿಯಂತೂ ತನಿಖೆಗೇ ಶತ್ರು. ಆರೋಪಿಗಳನ್ನು ಸಾಲಾಗಿ ಕೂರಿಸಿ, ಹಿಂದೆ ಸಿಬ್ಬಂದಿ ನಿಂತು ತೆಗೆಸಿಕೊಂಡ ಫೋಟೊ ಸಂಜೆಯೊಳಗೆ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಓಡಾಡುತ್ತದೆ. ಸಾಕ್ಷಿ ಅದನ್ನು ಮೊದಲೇ ನೋಡಿಬಿಟ್ಟರೆ ಆಮೇಲೆ ನಡೆಸುವ ಗುರುತು ಪತ್ತೆ ಪರೇಡಿಗೆ ನ್ಯಾಯಾಲಯದಲ್ಲಿ ಏನು ಬೆಲೆ? ನಿಜವಾದ ಕಳ್ಳನೂ ಬಚಾವು. ಪೊಲೀಸರು ಮಾಧ್ಯಮಕ್ಕೆ ಮಾಹಿತಿ ಕೊಡುವ ಬಗೆಗೆ ಕೈಪಿಡಿ ಮಾಡಿ ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರಿನಲ್ಲೇ ಕೇಂದ್ರ ಗೃಹ ಸಚಿವಾಲಯಕ್ಕೆ ಹೇಳಿದೆ.

ಈ ಹಿಂದೆ ಶಿಕ್ಷೆಯಾಗಿಲ್ಲದವನು ಖುಲಾಸೆಯಾದರೆ, ಮೇಲ್ಮನವಿಗಳೆಲ್ಲ ಮುಗಿದ ಮೇಲೆ, ನ್ಯಾಯಾಲಯ ಬೇರೆ ಆದೇಶ ಕೊಡದ ಹೊರತು ದಾಖಲೆ ನಾಶವಾಗಬೇಕೆಂದು ಕಾಯ್ದೆಯೇ ಹೇಳುತ್ತದೆ. ಆದರೆ ನಿಯಮದ ಪ್ರಕಾರ ಅದಕ್ಕೆ ನೋಡಲ್ ಅಧಿಕಾರಿಗೆ ಕೋರಿಕೆ ಸಲ್ಲಿಸಬೇಕು. ಕೋರ್ಟಿಗೆ ಅಲೆದು ಹೈರಾಣಾದವನು ಮತ್ತೆ ಕಚೇರಿ ಬಾಗಿಲು ಕಾಯಬೇಕಂತೆ. ತೆಗೆದುಕೊಂಡವರೇ ಅಳಿಸುವುದು ನ್ಯಾಯ.

ಗೃಹ ಇಲಾಖೆ ಫೋಟೊ ತೆಗೆಯುವ ಕ್ರಮವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಠಾಣೆಯ ಗೋಡೆಗೆ ಅಂಟಿಸಲಿ, ಸ್ವಂತ ಮೊಬೈಲಿನಲ್ಲಿ ಆರೋಪಿಯ ಚಿತ್ರ ತೆಗೆಯುವುದನ್ನು ನಿಷೇಧಿಸಲಿ. ಅಲ್ಲಿಯವರೆಗೆ ಚಾಮರಾಜನಗರ, ಗುಂಡ್ಲುಪೇಟೆಯ ವಕೀಲ ಮಿತ್ರರಲ್ಲಿ ಒಂದು ವಿನಂತಿ: ದಾಖಲೆ ಅಳಿಸುವ ಅರ್ಜಿಯ ಕನ್ನಡ ನಮೂನೆಯೊಂದನ್ನು ಸಿದ್ಧಪಡಿಸಿ, ಖುಲಾಸೆ ತೀರ್ಪಿನ ನಕಲಿನ ಜೊತೆಗೇ ಕಕ್ಷಿದಾರನ ಕೈಗೆ ಕೊಡಿ.